ಕಲ್ಲಾದ ತೆಂಗಿನೆಣ್ಣೆ

ಪಾರ್ಸೆಲ್‌ಗೆ ಟೇಪ್ ಸುತ್ತುತ್ತಿದ್ದಾಗ ಒಳಗೆ ಗುಳುಗುಳು ಸದ್ದಾಯಿತು. ಬಿಚ್ಚಿ ನೋಡಿದರೆ ಉಣ್ಣೆಯ ಕಾಲುಚೀಲಗಳ ನಡುವೆ ತೆಂಗಿನೆಣ್ಣೆ ಬಾಟಲಿ! ನನಗೆ ತಲೆ ಕೆಟ್ಟುಹೋಯಿತು.

ತಮ್ಮನಿಗೆ ಹಿಮಾಲಯದಲ್ಲಿ ರಸ್ತೆ ಕೆಲಸ. ಹಿಮದ ನಡುವೆ ಹಲಗೆಯ ಒಂದು ಕೋಣೆ, ಅಲ್ಲಿ ಅವನೊಬ್ಬನೇ. ಹಿಂದಿನ ಸಲ ಅಮ್ಮ ಕಳಿಸಿದ ಎಣ್ಣೆ ಕಲ್ಲಾಗಿ, ಪಾಪ, ಬಾಟಲಿಯನ್ನೇ ಕೊಯ್ದು ಒಗ್ಗರಣೆಗೆ ಚೂರು ಚೂರು ಕೆತ್ತಿದ್ದ. "ಸ್ವಲ್ಪ ಬಿಸಿಲಿಗಿಡು ಮಾರಾಯ" ಎಂದು ಅಮ್ಮ ಫೋನಿನಲ್ಲಿ ದಿನಾ ಹೇಳುತ್ತಿದ್ದರು. ಅವನು ಬಿಸಿಲು ಕಾಣದೆ ವಾರ ಕಳೆದಿತ್ತು. ಅಮ್ಮನಿಗೆ ಗೊತ್ತಿರುವುದು ನಮ್ಮ ವಾಮಂಜೂರಿನ ಚಳಿ ಮಾತ್ರ. ಇಲ್ಲಿ ಗಟ್ಟಿಯಾದ ಎಣ್ಣೆ ಅಂಗಳದಲ್ಲಿಟ್ಟರೆ ಹತ್ತು ನಿಮಿಷಕ್ಕೆ ಕರಗುತ್ತದೆ.

"ಪುನಃ ಅದೇ ಎಣ್ಣೆ ಎಂತಕ್ಕೆ ಅಮ್ಮ?" ಎಂದು ರೇಗಿದೆ.

ಅಮ್ಮ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿದರು. "ಅಲ್ಲಿರುವುದು ಗಟ್ಟಿಯಾಗಿದೆ ಅಂತಲೇ ಅಲ್ವಾ ಇದನ್ನು ಕಳಿಸುವುದು? ನೋಡು, ಇದು ನೀರಿನ ಹಾಗೆ ಉಂಟು."

ಗೊಣಗುತ್ತಲೇ ಬಾಟಲಿಯನ್ನು ಕಾಲುಚೀಲದೊಳಗೆ ತುರುಕಿ ಮತ್ತೆ ಟೇಪ್ ಸುತ್ತಿದೆ. ಆಮೇಲೆ ತಮ್ಮನಿಗೆ ಮೆಸೇಜ್ ಹಾಕಿದೆ: "ಚಾಕು ಮಸೆದಿಡು. ಇನ್ನೊಂದು ಕಲ್ಲು ಬರ್ತಾ ಉಂಟು."