ಟೀ ಬಿಟ್ಟಿದ್ದೀನಿ ಅಕ್ಕ

ಅಂತರ್ಜಲದ ಸಂಶೋಧನೆಯೊಂದರಲ್ಲಿ ನನ್ನದು ತಿಂಗಳಿಗೊಮ್ಮೆ ನೀರಿನ ಸ್ಯಾಂಪಲ್ ತರುವ ಕೆಲಸ. ಅದಕ್ಕೊಂದು ಕ್ರಮವಿದೆ. ಬೋರ್‌ವೆಲ್ ಮೋಟರ್ ಹಾಕಿಸಿ, ಪೈಪಿನಲ್ಲಿ ನಿಂತ ನೀರೆಲ್ಲ ಹೋಗಲಿ ಎಂದು ಹತ್ತು ನಿಮಿಷ ಹರಿಯಬಿಡಬೇಕು. ಆಮೇಲೆ ಬಾಟಲಿ ಹಿಡಿಯಬೇಕು. ಪೀಣ್ಯದ ಒಂದು ವಠಾರದಲ್ಲಿ ಮಾತ್ರ ಹಾಗೆ ಹರಿದ ನೀರು ಒಂದು ಹನಿಯೂ ನೆಲಕ್ಕೆ ಬೀಳುತ್ತಿರಲಿಲ್ಲ. ಅಲ್ಲಿ ಬಾಡಿಗೆಗಿದ್ದ, ನಾನು ಅಕ್ಕ ಎನ್ನುತ್ತಿದ್ದ ಹೆಂಗಸು ಓಡಿ ಬಂದು ಕೊಡ ಹಿಡಿದುಬಿಡುತ್ತಿದ್ದಳು.

"ಚೆಲ್ಲೂದ್ಯಾಕ್ರಿ ಮೇಡಂ? ಓನರ್ ದಿನಾ ಎರಡ ಕೊಡ ಬಿಡ್ತಾನ. ನೀವು ಬಂದ ದಿನ ನಮಗ ಹಬ್ಬ ನೋಡ್ರಿ!"

ವಿಜಯಪುರದ ಕಡೆಯವಳು. ಗಂಡ ಕಾರ್ಖಾನೆಗೆ ಹೋಗುತ್ತಿದ್ದ, ಮೂರು ವರ್ಷದ ಮಗಳೊಂದಿಗೆ ಇವಳು ಮನೆಯಲ್ಲಿ. ಅಡುಗೆಗೂ ಕುಡಿಯುವುದಕ್ಕೂ ಅದೇ ನೀರು. ಆಗಷ್ಟೇ ತುಂಬಿದ ಕೊಡದ ನೀರಿಗೇ ಶುಂಠಿ ಜಜ್ಜಿ ಹಾಕಿ ಟೀ ಮಾಡಿಕೊಡುತ್ತಿದ್ದಳು. ಐದು ತಿಂಗಳು ಕುಡಿದೆ. ಅಷ್ಟು ರುಚಿಯ ಟೀ ನಮ್ಮ ಮನೆಯಲ್ಲೂ ಆಗುತ್ತಿರಲಿಲ್ಲ.

ಆರನೇ ತಿಂಗಳು ಲ್ಯಾಬಿನ ಫಲಿತಾಂಶ ಬಂತು. ಅಕ್ಕಪಕ್ಕದಲ್ಲಿ ಲೋಹಕ್ಕೆ ಲೇಪ ಹಾಕುವ ಶೆಡ್ಡುಗಳ ಕ್ರೋಮಿಯಂ ನೆಲಕ್ಕಿಳಿದು ಬೋರ್‌ವೆಲ್ ನೀರು ಸೇರಿತ್ತು. ಆ ನೀರು ಬಾಯಿಗೆ ಹಾಕುವಂಥದ್ದಲ್ಲ. ನಾನು ಪ್ರಾಜೆಕ್ಟಿನ ಮುಖ್ಯಸ್ಥರ ಹತ್ತಿರ ಓಡಿದೆ.

"ಗೊತ್ತು ಕಣಮ್ಮ. ರಿಪೋರ್ಟ್ ಅಪ್ರೂವ್ ಆಗೋವರೆಗೂ ಡೇಟಾ ಹೊರಗೆ ಹೋಗಂಗಿಲ್ಲ, ಅದು ರೂಲು. ನೀನು ಬಾಯ್ಬಿಟ್ರೆ ಫಂಡಿಂಗೇ ನಿಂತ್ಹೋಗುತ್ತೆ."

ಅವರೂ ಕೆಟ್ಟವರಲ್ಲ, ಹೇಳುವಾಗ ನನ್ನ ಮುಖ ನೋಡಲಿಲ್ಲ. ಅನುದಾನಕ್ಕೆಂದು ಮೇಲಿನಿಂದ ಬಂದ ಅರ್ಜಿ ನಮೂನೆಯಲ್ಲಿ ಯಂತ್ರಕ್ಕೆ, ಪ್ರಯಾಣಕ್ಕೆ, ಸೆಮಿನಾರಿಗೆ ಕಾಲಂಗಳಿದ್ದವು. ಆ ನೀರು ಕುಡಿಯುವವರಿಗೆ ವಿಷಯ ತಿಳಿಸುವುದಕ್ಕೆ ಒಂದೂ ಇರಲಿಲ್ಲ.

ಮುಂದಿನ ಸಲ ಅಕ್ಕ ಲೋಟ ಮುಂದೆ ಹಿಡಿದಳು.

"ಟೀ ಬಿಟ್ಟಿದ್ದೀನಿ ಅಕ್ಕ" ಅಂದೆ.

"ಅಯ್ಯ! ಆರಾಮ ಇಲ್ಲೇನ್ರಿ ಮೇಡಂ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ನನಗೆ ಜ್ವರವಿದೆಯೇನೋ ಎಂದು ಅವಳಿಗೆ ಚಿಂತೆ! ಕುಡಿಯಬೇಡಿ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಕೆಲಸ ಹೋಗುತ್ತದೆಂಬ ಭಯ, ಇನ್ನೇನಲ್ಲ. ಹೇಡಿ ನಾನು. ಬಾಟಲಿ ತುಂಬಿಕೊಂಡು ಬಂದೆ. ಆಮೇಲೆಯೂ ತಿಂಗಳು ತಿಂಗಳು ಹೋದೆ, ಅವಳು ಕೊಡ ತುಂಬುವುದನ್ನು ನೋಡುತ್ತ ನಿಂತೆ.

ರಿಪೋರ್ಟ್ ಒಪ್ಪಿಗೆಯಾಗಲು ಒಂದೂವರೆ ವರ್ಷ ಹಿಡಿಯಿತು. ಅವತ್ತೇ ಸ್ಕೂಟರ್ ಹತ್ತಿ ವಠಾರಕ್ಕೆ ಹೋದೆ. ಮಗಳು ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮಲಗಿದ್ದಳು. ಕೈಕಾಲ ತುಂಬ ಹುಣ್ಣು. ಡಾಕ್ಟರು ಉಷ್ಣ ಅಂದಿದ್ದರಂತೆ. ನಾನು ಎಲ್ಲ ಹೇಳಿದೆ. ಫಲಿತಾಂಶ ಯಾವಾಗ ಬಂದಿತ್ತು ಎಂಬುದನ್ನೂ ಹೇಳಿದೆ.

ಅಕ್ಕ ಮಗಳ ಕಾಲಿನ ಹುಣ್ಣಿನ ಮೇಲೆ ಕೂತ ನೊಣ ಓಡಿಸಿದಳು.

"ಅದಕ್ಕ ಟೀ ಬಿಟ್ಟಿದ್ರೇನ್ರಿ?"

"ಹೂಂ ಅಕ್ಕ."

ಅವಳು ಬೈಯಲಿಲ್ಲ. ಬೈದು ಆಚೆಗೆ ದಬ್ಬಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ಮಗಳು ನೀರು ಕೇಳಿದಳು. ಅಕ್ಕ ಎದ್ದು ಕೊಡದ ಹತ್ತಿರ ಹೋಗಿ, ಲೋಟ ಹಿಡಿದುಕೊಂಡು ಹಾಗೇ ನಿಂತಳು.