ಕೆಂಪು ಗುಲಾಬಿಯ ಹಚ್ಚೆ

ನನ್ನ ಕೈಯ ಹಚ್ಚೆ ಹಸಿರು, ಚಿಕ್ಕವಳಿದ್ದಾಗ ಹಾಕಿಸಿದ್ದು. ಈಗ ಗೆರೆ ಹರಡಿ, ಹೂವೋ ಚೇಳೋ ತಿಳಿಯುವುದಿಲ್ಲ. ಆದರೆ ಒಂದು ದಿನವೂ ತುರಿಸಲಿಲ್ಲ. ಮೊಮ್ಮಗಳಿಗೆ ಅದು ಸಪ್ಪೆ ಎನಿಸಿತು. ಆಳಂದದ ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಮುಂಗೈ ಮೇಲೆ ಮಷೀನಿನಿಂದ ಗುಲಾಬಿ ಹಾಕಿಸಿಕೊಂಡು ಬಂದಳು. ಸುತ್ತ ಕರಿ ಗೆರೆ, ಒಳಗೆ ಕೆಂಪು.

ಅವಳು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಪು ಇದ್ದಲ್ಲೆಲ್ಲ ಚರ್ಮ ಉಬ್ಬಿತು. ಒಲೆಯ ಕಾವು ತಾಗಿದರೆ ರಕ್ತ ಬರುವಷ್ಟು ತುರಿಕೆ. ಕರಿ ಗೆರೆಗೆ ಏನೂ ಆಗಿರಲಿಲ್ಲ. ಕೆಂಪು ಬಣ್ಣ ಮೈಗೆ ಒಗ್ಗಿಲ್ಲ, ತೆಗೆಯಲು ಹೋದರೆ ಇನ್ನೂ ಕೆಡಬಹುದು ಎಂದು ಡಾಕ್ಟರು ಮುಲಾಮು ಕೊಟ್ಟರು. ಗಾಯದ ಕೈಯ ರೊಟ್ಟಿ ಯಾರು ತಿನ್ನುತ್ತಾರೆ ಎಂದು ಖಾನಾವಳಿಯವರು ಬೇರೊಬ್ಬಳನ್ನು ಇಟ್ಟುಕೊಂಡರು.

ಸಂತೆಯ ದಿನ ಅವಳನ್ನು ಕರೆದುಕೊಂಡು, ನಮ್ಮೂರು ಮಾದನಹಿಪ್ಪರಗಾದಿಂದ ಬಸ್ಸು ಹತ್ತಿ ಆ ಅಂಗಡಿಗೆ ಹೋದೆ.

“ಬಣ್ಣ ಅಸಲಿ ಅದರಿ ಆಯಿ. ಹತ್ತು ವರ್ಷ ಗ್ಯಾರಂಟಿ,” ಎಂದ ಅಂಗಡಿಯವ.

“ಕೆಂಪು ಆಗ್ಲೇ ಮಾಸಿ ಇಟ್ಟಂಗಿ ಬಣ್ಣ ಆಗ್ಯದಲೇ. ಗ್ಯಾರಂಟಿ ಬರೇ ತುರಿಕಿಗಿ ಕೊಟ್ಟೀಯೇನು?”

“ಹುಡುಗಿ ಚಮಡಾ ನಾಜೂಕ್ ಅದರಿ. ನಾ ಏನ್ ಮಾಡ್ಲಿ?”

ಹಾಗೆಂದು ಎರಡೂ ಕೈ ಮೇಲೆತ್ತಿದ. ಮಣಿಕಟ್ಟಿನಿಂದ ಭುಜದವರೆಗೆ ಹುಲಿ, ಹಾವು, ಹಕ್ಕಿ. ಎಲ್ಲ ಕರಿ.

“ನಿನ್ನ ಮೈಯಾಗ ಒಂದರ ಕೆಂಪು ತೋರ್ಸು,” ಎಂದೆ.

“ನನಗ ಕೆಂಪು ಆಗಿಬರಂಗಿಲ್ರಿ,” ಎಂದವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ನಾನು ಅವನ ಬಾಗಿಲ ಬೆಂಚಿನ ಮೇಲೆ ಕೂತೆ. ಇಬ್ಬರು ಹುಡುಗಿಯರು ಬಂದರು.

“ಬರ್ರಿ ಬೇ. ಮೊದಲ ಇವನ ಕೈ ನೋಡ್ರಿ, ಆಮ್ಯಾಲ ಇಕಿ ಕೈ ನೋಡ್ರಿ.”

ನೋಡಿದರು, ಹೋದರು.

“ನನ್ನ ಹೊಟ್ಟಿ ಮ್ಯಾಲ ಯಾಕ ಹೊಡಿತೀರಿ ಆಯಿ?”

“ಇಕಿ ಹೊಟ್ಟಿ ಮ್ಯಾಲ ನೀ ಹೊಡದಿ. ನಾ ಈಗ ಶುರು ಮಾಡೇನಿ.”

ಅಂದಿನಿಂದ ಸಂತೆ ತಪ್ಪಿಸಿಲ್ಲ. ಅವನು ಈ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿ, ಬೆವರುತ್ತ ಕೂತಿರುತ್ತಾನೆ. ಗಿರಾಕಿ ಬಂದ ಕೂಡಲೇ ತೋಳು ಮೇಲೆ ಮಾಡು ಎನ್ನುತ್ತೇನೆ. ನನಗೆ ಅದರಲ್ಲಿ ಸುಖವಿದೆ, ಇಲ್ಲವೆನ್ನುವುದಿಲ್ಲ. ಸಾಕು ಬಿಡು ಎನ್ನುತ್ತಾಳೆ ಮೊಮ್ಮಗಳು, ಎನ್ನುತ್ತಲೇ ಕೈ ತುರಿಸಿಕೊಳ್ಳುತ್ತಾಳೆ. ಆ ತುರಿಕೆ ನಿಲ್ಲುವ ತನಕ ನಾನು ಸಂತೆಗೆ ಹೋಗುವವಳೇ.