ಮುಖಕ್ಕೆ ಬಿಸಿಲು ತಿರುಗಿಸುವ ಗಂಗಹನುಮಯ್ಯ

ಬೆಳಗಿನ ಆರೂಮುಕ್ಕಾಲು. ರಾಮನಗರದ ಬಂಡೆಗಳ ನಡುವೆ ಸಿನಿಮಾ ಚಿತ್ರೀಕರಣ. ಬೆಳ್ಳಿ ಕಾಗದ ಅಂಟಿಸಿದ ಎದೆಯೆತ್ತರದ ಹಲಗೆಯನ್ನು ಗಂಗಹನುಮಯ್ಯ ಬಿಸಿಲಿಗೆ ಹಿಡಿದಿದ್ದಾರೆ. ಬೆಳಕು ಮೊದಲು ನಾಯಕಿಯ ಪಾದದ ಬಳಿ ಬೀಳುತ್ತದೆ. ಆಮೇಲೆ ಮೆಲ್ಲಗೆ ಸೀರೆಯ ನೆರಿಗೆ ಹತ್ತಿ ಗಲ್ಲಕ್ಕೆ ಬರುತ್ತದೆ. ಪಕ್ಕದಲ್ಲಿ ನಿಂತ ಹೆಂಡತಿ ಶಿವಲಕ್ಷ್ಮಿ ಪಿಸುಗುಟ್ಟುತ್ತಾರೆ: "ಒಸಿ ಮ್ಯಾಕೆ. ಹಾಂ, ಸಾಕು ನಿಲ್ಸಿ."

ಅರವತ್ತೆರಡರ ಗಂಗಹನುಮಯ್ಯನವರಿಗೆ ಆ ಮುಖ ಕಾಣುವುದಿಲ್ಲ.

ಅಪ್ಪ ನರಸಯ್ಯ ಈ ಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸುತ್ತಿದ್ದವರು. ಶೂಟಿಂಗ್ ನೋಡಲು ನಿಂತು, ಹಲಗೆ ಹಿಡಿಯುವ ಕೆಲಸಕ್ಕೆ ಸೇರಿಕೊಂಡರು. ಮಗನಿಗೂ ಕಲಿಸಿದರು. "ಬೆಳಕ್ನ ದಡಕ್ಕನೆ ಮೊಖಕ್ಕೆ ಹೊಡೀಬಾರ್ದು, ಕಣ್ ಮುಚ್ಕತಾರೆ. ಕಾಲ್ತಾವಿಂದ ತಕಂಡೋಗ್ಬೇಕು ಅನ್ನೋರು ನಮ್ಮಪ್ಪ."

ಈ ಚಿತ್ರದ ಛಾಯಾಗ್ರಾಹಕ ಮಹೇಂದ್ರ ಮೂವತ್ತರ ಆಸುಪಾಸಿನವರು. ದೀಪಗಳಿದ್ದರೂ ಹಲಗೆಯೇ ಬೇಕೆಂದವರು. "ಮೂಕಿ ಸಿನಿಮಾ ಕಾಲದ ಎಷ್ಟೋ ಸ್ಟುಡಿಯೋಗಳಿಗೆ ಚಾವಣಿನೇ ಇರ್ಲಿಲ್ಲ. ಬಿಳಿ ಬಟ್ಟೆ, ಕನ್ನಡಿ, ಬಿಸಿಲು ಅಷ್ಟೇ. ನಾನದನ್ನ ಕ್ಲಾಸಲ್ಲಿ ಓದ್ದೆ. ಇವರ ಕೈಯಲ್ಲಿ ಅದು ಇನ್ನೂ ಇದೆ. ನಮ್ಮ ಹೊಸ ಲೈಟುಗಳು ನಕಲು ಮಾಡೋಕೆ ಒದ್ದಾಡೋದು ಇದೇ ಬೆಳಕನ್ನ."

ದಿನಕ್ಕೆ ಹತ್ತು ಗಂಟೆ, ನಲವತ್ತೊಂದು ವರ್ಷ ಗಂಗಹನುಮಯ್ಯ ಹಲಗೆ ಹಿಡಿದರು. ಮೋಡ ಸರಿದು ಸೂರ್ಯ ಯಾವಾಗ ಹೊರಬರುತ್ತಾನೆಂದು ಆಕಾಶ ನೋಡಿ ಹೇಳುವುದೂ ಇವರ ಕೆಲಸವೇ ಆಗಿತ್ತು. ಸೂರ್ಯನನ್ನು ನೋಡಲು ಕಪ್ಪು ಗಾಜು ಯಾರೂ ಕೊಡಲಿಲ್ಲ, ಇವರೂ ಕೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ದಿನ ಮಾಗಡಿ ಬಸ್ಸಿನ ಬೋರ್ಡು ಓದಲಾಗಲಿಲ್ಲ. ಕಣ್ಣಿನ ಪರದೆಯ ನಡುಭಾಗ ಸುಟ್ಟಿದೆ, ವಾಸಿಯಾಗದು ಎಂದರು ಡಾಕ್ಟರು. ಈಗ ಯಾರನ್ನು ನೋಡಿದರೂ ಕಿವಿ, ಕೂದಲು, ಹೆಗಲು ಕಾಣುತ್ತವೆ. ಮುಖವಿರಬೇಕಾದ ಕಡೆ ಮಬ್ಬು.

ವಿಷಯ ತಿಳಿದ ಮೇಲೆ ಕೆಲಸಕ್ಕೆ ಕರೆಯುವುದನ್ನು ಎಲ್ಲರೂ ನಿಲ್ಲಿಸಿದರು. ಮೂರು ವರ್ಷ ಜಗಲಿಯೇ ಗತಿಯಾಯಿತು. ಮಹೇಂದ್ರ ಹುಡುಕಿಕೊಂಡು ಬಂದಾಗ ಶಿವಲಕ್ಷ್ಮಿ ರೇಷ್ಮೆ ನೂಲು ತೆಗೆಯುವ ಕೆಲಸ ಬಿಟ್ಟು ಜೊತೆಗೆ ಹೊರಟರು. "ಮನೇಲಿ ಕೂತು ಮಾತೇ ಬುಟ್ಬುಟ್ಟಿದ್ರು. ಅದ್ಕೇ ಬತ್ತೀನಿ," ಎನ್ನುತ್ತಾರೆ.

ಊಟದ ಹೊತ್ತಿಗೆ ಶಿವಲಕ್ಷ್ಮಿ ನೀರು ತರಲು ಹೋದಾಗ ಗಂಗಹನುಮಯ್ಯ ದನಿ ತಗ್ಗಿಸುತ್ತಾರೆ. "ಯಾರ್ಯಾರ ಮೊಖಕ್ಕೋ ಬೆಳಕು ಬುಟ್ಟೆ ಸಾರ್. ಇವಳ್ನ ಒಂದಿನಾನೂ ನಿಲ್ಸಿ ನೋಡ್ನಿಲ್ಲ. ಹೊತ್ತಾರೆ ಹೋಗಿ, ಹೊತ್ತು ಮುಳುಗ್ದ ಮ್ಯಾಲೆ ಬರೋನು. ಈಗ ದಿನಾ ಪಕ್ದಲ್ಲೇ ಅವ್ಳೆ, ಕಾಣಾಕಿಲ್ಲ."

ಹಲಗೆಯ ಅಂಚಿನಲ್ಲಿ ಎದ್ದ ಬೆಳ್ಳಿ ಕಾಗದವನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಾರೆ.

"ಪಿಚ್ಚರ್ ಮುಗಿಯೋ ದಿನ ಇವಳ್ದೊಂದು ಫೋಟೋ ತಗೀರಿ ಅಂತ ಮಹೇಂದ್ರಪ್ಪಂಗೆ ಹೇಳಿವ್ನಿ. ನಂಗಲ್ಲ, ಮಗ್ಳು ಮಡಿಕತಾಳೆ. ಬೆಳಕು ನಾನೇ ಬುಡ್ತೀನಿ."